ಬಸ್ತಿಹಳ್ಳಿಯ ಕರಿಗಂಬಗಳ ನಡುವೆ

ಹಳೇಬೀಡಿಗೆ ಬರುವ ಬಸ್ಸು, ಕಾರುಗಳೆಲ್ಲ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ನಿಲ್ಲುತ್ತವೆ. ಜನ ಇಳಿಯುತ್ತಾರೆ, ಗೋಡೆಯ ಸುತ್ತ ಸಾಲುಗಟ್ಟಿದ ಆನೆ, ಸಿಂಹ, ಕುದುರೆ, ಹಂಸಗಳನ್ನು ಕಣ್ತುಂಬ ನೋಡುತ್ತಾರೆ, ಎಳನೀರು ಕುಡಿದು ಬೇಲೂರಿನ ದಾರಿ ಹಿಡಿಯುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ರಜೆಯ ದಿನ ಆ ಗೇಟಿನ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಂದ ಕೂಗಳತೆಯಲ್ಲಿರುವ ಬಸ್ತಿಹಳ್ಳಿಗೆ ಮಾತ್ರ ಬರುವವರು ಕಡಿಮೆ. ಒಂದೇ ಆವರಣದಲ್ಲಿ ಮೂರು ಜೈನ ಬಸದಿಗಳು, ಹಸಿರು ಹುಲ್ಲು, ಒಂದಿಷ್ಟು ಮರದ ನೆರಳು. ಹೊರಗೋಡೆಯಲ್ಲಿ ಹೊಯ್ಸಳರ ಕೆತ್ತನೆಯ ಸಡಗರವಿಲ್ಲ. ದೂರದಿಂದ ನೋಡಿದವರಿಗೆ ಒಳಗೆ ಏನಿದೆ ಎಂಬ ಸುಳಿವೇ ಸಿಗುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ಕಾಲೇಜು ಮಕ್ಕಳ ಜೊತೆ. ಬೆಂಗಳೂರಿನ ಬೇರೆಬೇರೆ ಕಾಲೇಜುಗಳಲ್ಲಿ ಓದುತ್ತಿರುವ, ವಾರಕ್ಕೊಂದು ಸಂಜೆ ಒಟ್ಟಿಗೆ ಕೂತು ಸತ್ಯವೇದ ಓದುವ, ಹಾಡುವ, ಪ್ರಾರ್ಥಿಸುವ ಕ್ರೈಸ್ತ ವಿದ್ಯಾರ್ಥಿಗಳ ಗುಂಪು ಅದು. ಬೀದರ್ ಕಡೆಯ ಮೆಥೋಡಿಸ್ಟ್ ಮನೆತನದಿಂದ ಬಂದ ನರ್ಸಿಂಗ್ ಹುಡುಗಿಯರು, ಮಂಗಳೂರಿನ ಸಿ.ಎಸ್.ಐ. ಸಭೆಯ ಒಬ್ಬ ಎಂಜಿನಿಯರಿಂಗ್ ಹುಡುಗ, ಕೊಳ್ಳೇಗಾಲದ ಕಡೆಯ ಕಥೋಲಿಕರು, ಹೊಸದಾಗಿ ಸೇರಿಕೊಂಡ ಪೆಂತೆಕೊಸ್ತ್ ಸಭೆಯವರು. ಅವರನ್ನೆಲ್ಲ ನೋಡಿಕೊಳ್ಳುವವರು ಓದು ಮುಗಿಸಿ ವಿದ್ಯಾರ್ಥಿ ಸೇವೆಗೇ ನಿಂತ ಒಬ್ಬ ಹೆಣ್ಣುಮಗಳು. ಮಕ್ಕಳಿಗೆಲ್ಲ ಆಕೆ ‘ಅಕ್ಕ’. ಅಕ್ಕ ಒಂದು ದಿನ ಫೋನ್ ಮಾಡಿ, “ಸರ್, ಈ ಸಲ ಕ್ಯಾಂಪನ್ನು ಯಾವ ರಿಟ್ರೀಟ್ ಸೆಂಟರಿನಲ್ಲೂ ಮಾಡುವುದಿಲ್ಲ. ನೀವೇ ಎಲ್ಲಿಗಾದರೂ ಕರೆದುಕೊಂಡು ಹೋಗಿ. ನೆರೆಯವರ ದೇವರನ್ನು ಈ ಮಕ್ಕಳು ಹತ್ತಿರದಿಂದ ಕಂಡೇ ಇಲ್ಲ” ಎಂದರು. ನಾನೂ ವಿದ್ಯಾರ್ಥಿಯಾಗಿದ್ದಾಗ ಇಂಥದ್ದೇ ಗುಂಪಿನಲ್ಲಿ ಬೆಳೆದವನು. ಬಸ್ತಿಹಳ್ಳಿಯ ಹೆಸರು ನನ್ನ ಬಾಯಿಗೆ ತಾನಾಗಿ ಬಂತು.

ಬೆಂಗಳೂರಿನಿಂದ ಬೆಳಗಿನ ರೈಲು. ತುಮಕೂರು ದಾಟಿ ತಿಪಟೂರಿನ ಹತ್ತಿರ ಬರುವಷ್ಟರಲ್ಲಿ ಕಿಟಕಿಯ ಎರಡೂ ಕಡೆ ತೆಂಗು, ತೆಂಗು, ಬರೀ ತೆಂಗು. ಅರಸೀಕೆರೆಯಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಇಡ್ಲಿ ತಿಂದು, ಊರೊಳಗಿನ ಈಶ್ವರ ದೇವಸ್ಥಾನಕ್ಕೆ ಹೋದೆವು. 1220ರಲ್ಲಿ ಕಟ್ಟಿದ್ದು ಅದು. ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರದ ಆಕಾರದಲ್ಲಿದೆ. ಒಳಗೆ ನಿಂತು ಮೇಲೆ ನೋಡಿದರೆ ಕಲ್ಲಿನ ಗುಮ್ಮಟ. ಎಂಜಿನಿಯರಿಂಗ್ ಹುಡುಗರು ಮೂಲೆಗಳನ್ನು ಎಣಿಸುತ್ತ ಒಂದು ಸುತ್ತು ಬಂದರು, ಮತ್ತೊಂದು ಸುತ್ತು ಬಂದರು. ರೈಲು ಬದಲಿಸಲು ಲಕ್ಷಾಂತರ ಜನ ಇಳಿಯುವ ಈ ಊರಿನಲ್ಲಿ ಇಂಥದೊಂದು ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಬಾಡಿಗೆಯ ಟಿ.ಟಿ.ಯಲ್ಲಿ ಬಾಣಾವರ, ಜಾವಗಲ್ ದಾಟಿ ಹಳೇಬೀಡಿನ ಕಡೆಗೆ. ಜಾವಗಲ್ ಎಂಬ ಹೆಸರು ಕೇಳಿದ್ದೇ ಹುಡುಗರೆಲ್ಲ ಕ್ರಿಕೆಟ್ಟಿಗೆ ಹೊರಳಿದರು. ಆ ಗದ್ದಲ ತಣ್ಣಗಾದ ಮೇಲೆ ಮಂಗಳೂರಿನ ಹುಡುಗ ಕೇಳಿದ: “ಸರ್, ನಿಮ್ಮ ಕಾಲದಲ್ಲೂ ಇಂಥ ಗುಂಪು ಇತ್ತಾ?”

ನನ್ನ ಕಾಲಕ್ಕೂ ಬಹಳ ಹಿಂದಿನಿಂದ ಇದೆ ಎಂದು ಹೇಳುತ್ತ ನಾನು ಅವರನ್ನು 1895ಕ್ಕೆ ಕರೆದುಕೊಂಡು ಹೋದೆ. ಸ್ವೀಡನ್ನಿನ ವಾಡ್‌ಸ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಕೆಲವೇ ಮಂದಿ ಸೇರಿ ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟವನ್ನು ಕಟ್ಟಿದ ವರ್ಷ ಅದು. ಅವರಲ್ಲಿ ಮುಂದಾಳಾಗಿದ್ದ ಅಮೆರಿಕದ ಜಾನ್ ಮಾಟ್‌ಗೆ ಆಗ ಮೂವತ್ತು ವರ್ಷ. ಮುಂದೆ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು ಅವರೇ. ನಮ್ಮ ದೇಶದಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್, ಅಂದರೆ ನಾವೆಲ್ಲ ಎಸ್.ಸಿ.ಎಂ. ಎಂದು ಕರೆಯುವ ಚಳವಳಿ, 1912ರಲ್ಲಿ ಹುಟ್ಟಿತು. ಅದರ ಕಚೇರಿ ಇವತ್ತು ಬೆಂಗಳೂರಿನ ಮಿಷನ್ ರಸ್ತೆಯಲ್ಲಿದೆ. ಈ ಮಕ್ಕಳು ದಿನಾ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಅದರ ಮುಂದೆಯೇ ಹಾದುಹೋಗುತ್ತಾರೆ. ಕಥೋಲಿಕ ವಿದ್ಯಾರ್ಥಿಗಳ ಐಕಫ್ 1924ರಲ್ಲಿ ಶುರುವಾಯಿತು. ಸುವಾರ್ತಾ ಪಂಥದವರ ಯು.ಇ.ಎಸ್.ಐ. 1954ರದು. ಕಾಲೇಜು ಕಾಲೇಜುಗಳಲ್ಲಿ ಇ.ಯು. ಎಂಬ ಹೆಸರಿನಲ್ಲಿ ಸೇರುವವರು ಅವರೇ.

ಅವರಿಗೆಲ್ಲ ಹೆಚ್ಚು ಹಿಡಿಸಿದ್ದು ಮೈಸೂರಿನ ಸಂಗತಿ. ಆ ವಿಶ್ವ ಒಕ್ಕೂಟದ ಮಹಾಸಮಿತಿ 1928ರಲ್ಲಿ ಸೇರಿದ್ದು ಲಂಡನ್ನಿನಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ, ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಗ ಹನ್ನೆರಡು ವರ್ಷ. ವಿಮಾನ ಹತ್ತಿ ಬರುವ ಕಾಲವಲ್ಲ ಅದು. ವಾರಗಟ್ಟಲೆ ಹಡಗಿನಲ್ಲಿ ಕೂತು, ಬಂದರಿನಲ್ಲಿ ಇಳಿದು, ರೈಲು ಹತ್ತಿ ಹೊರದೇಶದ ವಿದ್ಯಾರ್ಥಿ ಮುಂದಾಳುಗಳು ಮೈಸೂರಿಗೆ ಬಂದರು. “ಮೈಸೂರಿಗಾ?” ಎಂದು ಹಿಂದಿನ ಸೀಟಿನಿಂದ ಒಬ್ಬಳು ನಂಬಲಾರದೆ ಕೇಳಿದಳು. ಹೌದು ತಾಯಿ, ಮೈಸೂರಿಗೆ. ನಿಮ್ಮ ಈ ಚಿಕ್ಕ ಗುಂಪಿನ ಬೇರು ಅಷ್ಟು ದೂರ ಹರಡಿದೆ.

ಗುಂಪಿನಲ್ಲಿ ಒಬ್ಬಳು ಜೈನ ಹುಡುಗಿಯೂ ಇದ್ದಳು. ಶ್ರವಣಬೆಳಗೊಳದ ಕಡೆಯವಳು, ನರ್ಸಿಂಗ್ ಓದುವ ಹುಡುಗಿಯೊಬ್ಬಳ ಹಾಸ್ಟೆಲ್ ರೂಮ್‌ಮೇಟ್. ಗೆಳತಿ ಕರೆದಳು, ಇವಳು ಬಂದಳು, ಅಷ್ಟೇ. ಹೊರಟಾಗ ಅವಳನ್ನು ಅತಿಥಿಯೆಂದು ಎಲ್ಲರೂ ಉಪಚರಿಸುತ್ತಿದ್ದರು. ಬಸ್ತಿಹಳ್ಳಿಗೆ ಬಂದು ಚಪ್ಪಲಿ ಬಿಟ್ಟಿದ್ದೇ ತಡ, ಅತಿಥಿಗಳು ನಾವಾದೆವು, ಮನೆಯವಳು ಅವಳಾದಳು.

ಹೊಯ್ಸಳೇಶ್ವರನ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅದನ್ನು ಬರೆದವರು ಬಹಳ ಮಂದಿ ಇದ್ದಾರೆ, ನೋಡದ ಕನ್ನಡಿಗರು ಕಡಿಮೆ. ಮಕ್ಕಳು ಅಲ್ಲಿ ಸಾಕಷ್ಟು ಹೊತ್ತು ಕಳೆದರು, ಸಾಕಷ್ಟು ಫೋಟೋ ತೆಗೆದರು, ರೀಲ್ಸ್ ಮಾಡಿದರು. ಆಮೇಲೆ ಬಿಸಿಲಿನಲ್ಲಿ ನಡೆದುಕೊಂಡೇ ಬಸ್ತಿಹಳ್ಳಿಗೆ ಬಂದೆವು.

ಪಾರ್ಶ್ವನಾಥ ಬಸದಿಯ ಹೊಸ್ತಿಲು ದಾಟಿದಾಗ ಮೊದಲು ಆಗುವುದು ಕತ್ತಲೆಯ ಅನುಭವ. ಹೊರಗಿನ ಬೆಳಕಿಗೆ ಒಗ್ಗಿದ ಕಣ್ಣಿಗೆ ಏನೂ ಕಾಣುವುದಿಲ್ಲ. ತುಸು ಹೊತ್ತು ಸುಮ್ಮನೆ ನಿಲ್ಲಬೇಕು. ಆಮೇಲೆ ಒಂದೊಂದಾಗಿ ಕಂಬಗಳು ಎದ್ದುಬರುತ್ತವೆ. ಬಳಪದ ಕಲ್ಲನ್ನು ಚಕ್ರಕ್ಕೆ ಕೊಟ್ಟು ಕಡೆದು, ನುಣುಪು ಕೊಟ್ಟು, ಕನ್ನಡಿ ಮಾಡಿದ ಕಂಬಗಳು. ಕಪ್ಪೆಂದರೆ ಎಣ್ಣೆಗಪ್ಪು. ಬಳೆ ಏರಿಸಿದಂತೆ ಒಂದರ ಮೇಲೊಂದು ಬಳಸು, ಪ್ರತಿ ಬಳಸಿನ ಅಂಚೂ ಇವತ್ತು ಕಡೆದದ್ದೋ ಎನ್ನುವಷ್ಟು ಚೂಪು. ಒಂಬತ್ತು ನೂರು ವರ್ಷ ಆಗುತ್ತ ಬಂದಿದೆ. ಎಷ್ಟು ಮಳೆಗಾಲ, ಎಷ್ಟು ದಂಡು, ಎಷ್ಟು ಪಾಳುಬಿದ್ದ ಕಾಲ ಕಳೆದು ಹೋಗಿದೆ. ಆ ಹೊಳಪು ಮಾತ್ರ ಹೋಗಿಲ್ಲ.

ಅಲ್ಲಿನ ಕಾವಲಿನವರು ನಮ್ಮ ಮಕ್ಕಳ ಬೆರಗನ್ನು ಕಂಡು ಹತ್ತಿರ ಬಂದರು. ವಯಸ್ಸಾದವರು, ಮಾತು ಕಡಿಮೆ. ಒಂದು ಕಂಬದ ಮುಂದೆ ನಿಂತು, “ಬಾರವ್ವ, ಇಲ್ಲಿ ನಿಂತ್ಕೊ. ಇನ್ನೊಂದು ಹೆಜ್ಜೆ ಈ ಕಡೆ. ಹಾಂ, ಈಗ ನೋಡು” ಎಂದು ಬೀದರಿನ ಹುಡುಗಿಯನ್ನು ನಿಲ್ಲಿಸಿದರು. ಬಾಗಿಲಿನಿಂದ ಬಂದ ಬೆಳಕಿನ ಎಳೆ ಕಂಬದ ಹೊಟ್ಟೆಯ ಮೇಲೆ ಬಿದ್ದಿತ್ತು. ಅದರಲ್ಲಿ ಅವಳ ಮುಖ, ತೆಳ್ಳಗೆ, ಉದ್ದವಾಗಿ, ನಡುಗದೆ ನಿಂತಿತ್ತು. ಅವಳ ಹಿಂದೆ ನಾವೆಲ್ಲರೂ ಸಣ್ಣ ಸಣ್ಣ ಗೆರೆಗಳಾಗಿ ಕಾಣುತ್ತಿದ್ದೆವು. ಅವಳು ಕೈಯೆತ್ತಿದಳು, ಕಲ್ಲಿನೊಳಗಿನವಳೂ ಕೈಯೆತ್ತಿದಳು. ದಿನಕ್ಕೆ ನೂರು ಸಲ ಫೋನಿನ ಪರದೆಯಲ್ಲಿ ಮುಖ ನೋಡಿಕೊಳ್ಳುವ ಹುಡುಗಿ ಆ ಕಲ್ಲಿನ ಮುಂದಿನಿಂದ ಕದಲಲೇ ಇಲ್ಲ. ಆಮೇಲೆ ಸರತಿ ಹತ್ತಿತು. ಪ್ರತಿಯೊಬ್ಬರೂ ಬಂದು ನಿಂತರು, ನೋಡಿದರು, ಪಕ್ಕಕ್ಕೆ ಸರಿದು ಮೌನವಾದರು. ಅಷ್ಟು ಹೊತ್ತು ಸದ್ದಿಲ್ಲದೆ ಇದ್ದ ಆ ಗುಂಪನ್ನು ನಾನು ಕಂಡದ್ದೇ ಇಲ್ಲ. ಅಕ್ಕ ನನ್ನ ಕಡೆ ನೋಡಿದರು, ಅವರ ಕಣ್ಣಲ್ಲೂ ನೀರಿತ್ತು.

ಗರ್ಭಗುಡಿಯಲ್ಲಿ ಪಾರ್ಶ್ವನಾಥ. ಎರಡಾಳಿಗೂ ಮೀರಿದ ಎತ್ತರ, ನೆಟ್ಟಗೆ ನಿಂತ ನಿಲುವು, ತಲೆಯ ಮೇಲೆ ಏಳು ಹೆಡೆಯ ನಾಗ. ಜೈನ ಹುಡುಗಿ ಕೈಮುಗಿದು ಮೆಲ್ಲಗೆ ಣಮೋಕಾರ ಮಂತ್ರ ಹೇಳಿಕೊಂಡಳು. ಮುಗಿದ ಮೇಲೆ ಗೆಳತಿ ಪಿಸುದನಿಯಲ್ಲಿ ಅರ್ಥ ಕೇಳಿದಳು. ಅವಳು ಹೇಳಿದ್ದನ್ನು ಎಲ್ಲರೂ ಹತ್ತಿರ ಸರಿದು ಕೇಳಿಸಿಕೊಂಡರು. ಆ ಮಂತ್ರದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲವಂತೆ. ಅರಿಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದಲ್ಲಿರುವ ಎಲ್ಲ ಸಾಧುಗಳಿಗೆ ನಮಸ್ಕಾರ ಹೇಳುವುದು, ಅಷ್ಟೇ. ಬೇಡಿಕೆ ಏನೂ ಇಲ್ಲ. “ಏನೂ ಕೇಳಲ್ವಾ? ಪರೀಕ್ಷೆ ಪಾಸ್ ಮಾಡಿಸು ಅಂತಾನೂ ಕೇಳಲ್ವಾ?” ಎಂದು ಒಬ್ಬ ಕೇಳಿದ. “ನಮ್ಮಜ್ಜಿ ಕೇಳಬಾರದು ಅಂತಾರೆ. ನಾನು ಒಂದೊಂದ್ಸಲ ಕೇಳ್ತೀನಿ” ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಈ ನಿಲುವಿಗೆ ಕಾಯೋತ್ಸರ್ಗ ಎನ್ನುತ್ತಾರೆ, ದೇಹದ ಮೇಲಿನ ಹಂಬಲವನ್ನೇ ಬಿಟ್ಟು ನಿಂತದ್ದು ಎಂದು ಅವಳು ವಿವರಿಸಿದಾಗ, ಬೇಡಿಕೆಯಿಲ್ಲದೆ ಪ್ರಾರ್ಥಿಸುವುದು ಹೇಗೆ ಎಂಬ ಪ್ರಶ್ನೆ ಆ ಮಕ್ಕಳ ಮುಖದಲ್ಲಿ ಬರೆದಿಟ್ಟಂತಿತ್ತು. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಬೇಡಿಕೆಯ ಪಟ್ಟಿ ಎಷ್ಟು ಉದ್ದವಿರುತ್ತದೆ ಎಂದು ನನಗೂ ಅವರಿಗೂ ಗೊತ್ತು. ಆ ಪ್ರಶ್ನೆಯನ್ನು ಯಾವ ಭಾಷಣಕಾರನೂ ಅವರ ಮುಂದೆ ಇಡಬಹುದಿತ್ತು. ಜೊತೆಗೆ ಊಟ ಮಾಡುವ ಗೆಳತಿಯ ಬಾಯಿಂದ ಬಂದದ್ದರಿಂದ ಅದು ಎದೆಗೆ ತಾಗಿತು.

ಈ ಬಸದಿಯ ಕಥೆಯನ್ನು ನಾನು ಅಲ್ಲೇ ಜಗಲಿಯಲ್ಲಿ ಕೂತು ಹೇಳಿದೆ. ಕಟ್ಟಿಸಿದವನು ಬೊಪ್ಪ. 1133ರಲ್ಲಿ, ಅಪ್ಪ ಗಂಗರಾಜನ ನೆನಪಿಗಾಗಿ. ಗಂಗರಾಜ ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ, ದೊಡ್ಡ ಜಿನಭಕ್ತ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದವನೂ ಅವನೇ. ವಿಷ್ಣುವರ್ಧನ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಎಂಬ ಪರಂಪರೆಯ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದ. ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು, 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಹಳೇಬೀಡಿನ ಹೊಯ್ಸಳೇಶ್ವರನೋ ಶಿವ. ಒಂದು ಅರಮನೆ, ಮೂರು ದಾರಿ.

ಇಲ್ಲಿನ ಶಾಸನ ಹೇಳುವ ಪ್ರಸಂಗ ಇನ್ನೂ ಸೊಗಸು. ಬಸದಿಯ ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ಗಂಧೋದಕವನ್ನೂ ಶೇಷಾಕ್ಷತೆಯನ್ನೂ ತೆಗೆದುಕೊಂಡು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ವಿಷ್ಣುವರ್ಧನನ ಹತ್ತಿರ ಹೋದರು. ಅದೇ ಹೊತ್ತಿಗೆ ದೊರೆಗೆ ಯುದ್ಧದಲ್ಲಿ ಗೆಲುವು ಸಿಕ್ಕಿತ್ತು, ಮನೆಯಲ್ಲಿ ಗಂಡುಮಗು ಹುಟ್ಟಿತ್ತು. ದೊರೆ ಭಕ್ತಿಯಿಂದ ಪ್ರಸಾದ ಸ್ವೀಕರಿಸಿದ. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ನನಗೆ ವಿಜಯವೂ ಮಗನೂ ದೊರೆತರು ಎಂದು ದೇವರಿಗೆ ವಿಜಯಪಾರ್ಶ್ವ ಎಂದೂ, ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ದೇವರೂ ಮಗನೂ ಒಂದೇ ದಿನ ಒಂದೇ ಹೆಸರಿನಲ್ಲಿ ಪಾಲು ಪಡೆದರು. ಮಗನ ಹೆಸರು ವೈಷ್ಣವ, ಅದಕ್ಕೆ ಸೇರಿದ ಹರಕೆ ಜೈನ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದೇ ನೆಲದ ಮೇಲೆ ಕೂತು ಹೇಳುವಾಗ ನನ್ನ ಗಂಟಲೇ ಬಿಗಿಯಿತು.

ಕಥೆ ಮುಗಿದ ಮೇಲೆ ಹುಡುಗನೊಬ್ಬ ಎದ್ದು ಬಂದು ನನ್ನ ಪಕ್ಕ ಕೂತ. “ಅಪ್ಪನ ನೆನಪಿಗೆ ಅಂದ್ರಲ್ಲ ಸರ್, ಅವನಿಗೆ ಆಗ ಎಷ್ಟು ವಯಸ್ಸು?” ಎಂದ. ಅವನ ಅಪ್ಪ 2021ರ ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಮಣ್ಣಿಗೆ ಹೋಗಲು ಅವನಿಗೆ ಅವಕಾಶವಾಗಿರಲಿಲ್ಲ. ಮೊಬೈಲಿನಲ್ಲಿ ಪ್ರಾರ್ಥನೆ ಕೇಳಿಸಿಕೊಂಡನಂತೆ. ಅಷ್ಟು ವರ್ಷ ಯಾರ ಹತ್ತಿರವೂ ಆಡದ ಮಾತನ್ನು ಆ ಜಗಲಿಯ ಮೇಲೆ ಆಡಿದ. ನಾನು ಏನೂ ಹೇಳಲಿಲ್ಲ. ಅವನ ಗೆಳೆಯರಿಬ್ಬರು ಬಂದು ಅವನ ಎರಡೂ ಕಡೆ ಕೂತರು.

ವಿದ್ಯಾರ್ಥಿ ಸೇವೆ ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ಇವತ್ತಿನ ಮಕ್ಕಳನ್ನು ತಲುಪುವುದು ಹೇಗೆ ಎಂದು ನಮ್ಮ ಸಭೆಗಳು ಬಹಳ ತಲೆಕೆಡಿಸಿಕೊಳ್ಳುತ್ತವೆ. ದೊಡ್ಡ ಹಾಲ್ ಬಾಡಿಗೆಗೆ ಹಿಡಿದು, ಬಣ್ಣದ ದೀಪ ಹಾಕಿ, ಬ್ಯಾಂಡ್ ಕರೆಸಿ ಆರಾಧನಾ ರಾತ್ರಿಗಳನ್ನು ಮಾಡುತ್ತೇವೆ. ಮಕ್ಕಳು ಬರುತ್ತಾರೆ, ಕುಣಿಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಮರುದಿನ ಬೆಳಗ್ಗೆ ಪಿ.ಜಿ.ಯ ಕೋಣೆಯಲ್ಲಿ ಎದ್ದಾಗ ಅವರ ಜೊತೆ ಇರುವವರು ಯಾರು? ಬ್ಯಾಕ್‌ಲಾಗ್ ಉಳಿದಿದೆ, ಪ್ಲೇಸ್‌ಮೆಂಟಿನಲ್ಲಿ ಹೆಸರು ಬಂದಿಲ್ಲ, ಊರಿನಲ್ಲಿ ಸಾಲ ತೀರಿಲ್ಲ, ಅಮ್ಮನಿಗೆ ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದೆ’ ಎಂದೇ ಹೇಳಬೇಕು. ಕೈಯಲ್ಲಿರುವ ಫೋನಿನಲ್ಲಿ ಸಾವಿರ ಪ್ರಸಂಗಗಳಿವೆ, ಯಾವ ದೇಶದ ಬೋಧಕನನ್ನು ಬೇಕಾದರೂ ಕೇಳಬಹುದು. ಅವರಿಗೆ ಕಡಿಮೆಯಾಗಿರುವುದು ಕೇಳುವ ಕಿವಿ. ಅಕ್ಕನಂಥವರು ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಟೀ ಕುಡಿಸುವುದು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದು, ಅಳುವವರ ಜೊತೆ ಸುಮ್ಮನೆ ಇರುವುದು. ನಾಲ್ಕು ಜನ ಕೂತು ಒಂದು ಅಧ್ಯಾಯವನ್ನು ನಿಧಾನವಾಗಿ ಓದುವ ಚಿಕ್ಕ ಗುಂಪಿನ ಪದ್ಧತಿ ನಮ್ಮ ವಿದ್ಯಾರ್ಥಿ ಚಳವಳಿಗಳಲ್ಲಿ ಹಿಂದಿನಿಂದ ಬಂದದ್ದು. ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ ಎಂದೇ ನನ್ನ ನಂಬಿಕೆ.

ಪೆಂತೆಕೊಸ್ತ್ ಸಭೆಯ ಹುಡುಗನೊಬ್ಬ ಬಸದಿಯ ಒಳಗೆ ಬಂದಿರಲಿಲ್ಲ. ವಿಗ್ರಹವಿರುವ ಜಾಗಕ್ಕೆ ಕಾಲಿಡಬಾರದೆಂದು ಮನೆಯಲ್ಲಿ ಕಲಿಸಿದ್ದರು. ಅಕ್ಕ ಅವನಿಗೆ, “ನಿನ್ನ ಮನಸ್ಸು ಒಪ್ಪಿದರೆ ಬಾ. ಒಪ್ಪದಿದ್ದರೆ ಇಲ್ಲೇ ನೆರಳಲ್ಲಿರು, ಯಾರೂ ಏನೂ ಅಂದುಕೊಳ್ಳಲ್ಲ” ಎಂದಿದ್ದರು. ಅವನು ಹುಲ್ಲಿನ ಮೇಲೆ ಕೂತು ಎಲ್ಲರ ಚಪ್ಪಲಿ, ಚೀಲ ಕಾಯುತ್ತಿದ್ದ. ನಾವು ಹೊರಬಂದು ಆ ಕಂಬಗಳ ಸುದ್ದಿ ಹೇಳತೊಡಗಿದಾಗ ತಾಳಲಾರದೆ ತಾನೇ ಎದ್ದು ಹೋದ. ಜೈನ ಹುಡುಗಿ ಅವನ ಜೊತೆ ಹೋದಳು. ಬಹಳ ಹೊತ್ತಿನ ಮೇಲೆ ಇಬ್ಬರೂ ಮಾತಾಡುತ್ತ ಹೊರಗೆ ಬಂದರು.

ಮಧ್ಯಾಹ್ನದ ಊಟಕ್ಕೆ ಕೂತಾಗ ಅವನೇ ನೇರವಾಗಿ ಕೇಳಿದ: “ಸರ್, ನಾವು ಸುವಾರ್ತೆ ಹೇಳಬೇಕಲ್ವಾ? ಇಲ್ಲಿ ಬಂದು ಅವರದ್ದನ್ನ ಕೇಳಿಸ್ಕೊಂಡು ಹೋಗೋದಾ?” ಎಲ್ಲರೂ ತುತ್ತು ನಿಲ್ಲಿಸಿ ನನ್ನ ಕಡೆ ನೋಡಿದರು. ಸುಲಭದ ಪ್ರಶ್ನೆಯಲ್ಲ. ಕರ್ನಾಟಕದಲ್ಲಿ 2022ರ ಮತಾಂತರ ಕಾಯ್ದೆಯ ಸುತ್ತ ಎದ್ದ ವಾಗ್ವಾದದ ಬಿಸಿ ಈ ಮಕ್ಕಳ ತರಗತಿಗಳನ್ನೂ ಮುಟ್ಟಿದೆ. ಪ್ರಾರ್ಥನೆಗೆ ಹೋಗುತ್ತೇನೆ ಎಂದು ಹೇಳಲು ಹಿಂಜರಿಯುವವರಿದ್ದಾರೆ.

ನಾನು ಅವರಿಗೆ ಮಂಗಳೂರಿನ ಆನಂದರಾವ್ ಕೌಂಡಿನ್ಯನ ಕಥೆ ಹೇಳಿದೆ. ಸಾರಸ್ವತ ಮನೆತನದ ಹುಡುಗ, ಬಾಸೆಲ್ ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅವನ ಗುರು. 1844ರ ಜನವರಿ 6ರಂದು, ಹದಿನೆಂಟರ ಹರೆಯದಲ್ಲಿ, ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ಪಡೆದ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಮನೆ ದೂರವಾಯಿತು. ಮುಂದೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಹೆರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಗುರುವಾಗಿ ಹಿಂದಿರುಗಿದ. ಬಲ್ಮಠದ ಸೆಮಿನರಿಯಲ್ಲಿ ಕಲಿಸಿದ. ಕೊಡಗಿನಲ್ಲಿ ಬಿಡುಗಡೆ ಬಯಸಿದ ಹೊಲೆಯ ಕುಟುಂಬಗಳಿಗಾಗಿ ಎದ್ದ ಆನಂದಪುರ ಎಂಬ ಊರಿನ ಜೊತೆಗೂ ಅವನ ಹೆಸರು ಸೇರಿದೆ. ಆ ಹುಡುಗನ ಧೈರ್ಯ ದೊಡ್ಡದು, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಅವನ ತಾಯ್ತಂದೆಯ ಮನೆಯೊಳಗಿನ ಅಂದಿನ ಅಳುವನ್ನೂ ನಾನು ಮರೆಯಲಾರೆ. ನಂಬಿಕೆ ಒಬ್ಬೊಬ್ಬರ ಆಳದ ಸಂಗತಿ. ಅದನ್ನು ಒತ್ತಿ ತಿರುಗಿಸುವ ಹಕ್ಕು ಯಾರಿಗೂ ಇಲ್ಲ. ನಮ್ಮ ಗುಂಪುಗಳು ಹೆತ್ತವರಿಗೆ ಗೊತ್ತಿರುವ, ಕಾಲೇಜಿಗೆ ಗೊತ್ತಿರುವ, ಬಾಗಿಲು ತೆರೆದ ಗುಂಪುಗಳಾಗಿರಬೇಕು. ಕೇಳಿದವರಿಗೆ ನಮ್ಮ ನಂಬಿಕೆಯನ್ನು ನಾಚಿಕೆಯಿಲ್ಲದೆ ಹೇಳಬೇಕು. ಹೇಳುವ ಮೊದಲು ಅವರದ್ದನ್ನು ಕೇಳುವ ಸೌಜನ್ಯ ಬೇಕು.

ಆಮೇಲೆ ಸ್ಟ್ಯಾನ್ಲಿ ಸಮರ್ಥರ ಬಗ್ಗೆ ಹೇಳಿದೆ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಕ್ರೈಸ್ತ ಹುಡುಗ. ಕಾರ್ಕಳವೆಂದರೆ ಬಂಡೆಯ ನೆತ್ತಿಯ ಮೇಲೆ 1432ರಿಂದ ನಿಂತಿರುವ ಬಾಹುಬಲಿ, ಎಲ್ಲಿ ನಿಂತರೂ ಕಾಣುವ ಬಾಹುಬಲಿ. ಮಂಗಳೂರಿನ ಸೆಮಿನರಿಯ ಪ್ರಾಂಶುಪಾಲರಾಗಿ, ಶ್ರೀರಾಮಪುರದ ಸೆರಾಂಪುರ್ ಕಾಲೇಜಿನ ಪ್ರಾಂಶುಪಾಲರಾಗಿ, 1971ರಲ್ಲಿ ಜಿನೀವಾದ ವಿಶ್ವ ಸಭೆಗಳ ಮಂಡಳಿಯಲ್ಲಿ ಬೇರೆ ಧರ್ಮಗಳವರೊಂದಿಗೆ ಸಂವಾದ ನಡೆಸುವ ವಿಭಾಗಕ್ಕೆ ಮೊದಲ ನಿರ್ದೇಶಕರಾದವರು. ಜಗತ್ತಿನ ಚರ್ಚುಗಳಿಗೆ ನೆರೆಯವರ ಜೊತೆ ಕೂತು ಮಾತಾಡುವುದನ್ನು ಕಲಿಸಲು ಕಾರ್ಕಳದವರೊಬ್ಬರು ಬೇಕಾಯಿತು. “ನಮ್ಮ ಕಾರ್ಕಳದವರಾ!” ಎಂದು ಮಂಗಳೂರಿನ ಹುಡುಗ ಎದೆಯುಬ್ಬಿಸಿದ. ಗೊಮ್ಮಟನನ್ನು ದಿನಾ ನೋಡುತ್ತ ಬೆಳೆದದ್ದರಿಂದ ಅವರ ಕ್ರಿಸ್ತಭಕ್ತಿ ಒಂದಿಷ್ಟೂ ತೆಳುವಾಗಲಿಲ್ಲ. ಅದರ ಅಂಗಳ ಅಗಲವಾಯಿತು.

ಊಟವಾದ ಮೇಲೆ ಹಳೇಬೀಡಿನ ದ್ವಾರಸಮುದ್ರದ ಕೆರೆಯ ಕಡೆ ಹೋಗಿ ಕೂತು ಸತ್ಯವೇದ ತೆರೆದೆವು. ಬಸದಿಯ ಆವರಣದಲ್ಲಿ ನಮ್ಮ ಹಾಡು, ಪ್ರಾರ್ಥನೆ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಅದು ಇನ್ನೊಬ್ಬರ ಪೂಜೆಯ ಜಾಗ. ಅಕ್ಕ ಆರಿಸಿಕೊಂಡಿದ್ದು ಅಪೊಸ್ತಲರ ಕೃತ್ಯಗಳು, ಹದಿನೇಳನೇ ಅಧ್ಯಾಯ. ಪೌಲನು ಅಥೇನೆ ಪಟ್ಟಣಕ್ಕೆ ಬಂದ ಪ್ರಸಂಗ. ಅವನು ಮೊದಲು ಆ ಊರನ್ನೆಲ್ಲ ಸುತ್ತುತ್ತಾನೆ, ಅಲ್ಲಿನವರು ಪೂಜಿಸುವುದನ್ನೆಲ್ಲ ಗಮನವಿಟ್ಟು ನೋಡುತ್ತಾನೆ, ಅವರ ಕವಿಗಳ ಮಾತನ್ನು ಅರಿತಿರುತ್ತಾನೆ, ಆಮೇಲೆ ಮಾತಿಗೆ ತೊಡಗುತ್ತಾನೆ. ಸಣ್ಣಂದಿನಿಂದ ಕೇಳಿದ ಅಧ್ಯಾಯ. ಪೌಲ ಊರು ಸುತ್ತಿದ್ದನ್ನು ಇಷ್ಟು ಚೆನ್ನಾಗಿ ಗಮನಿಸಿದ್ದು ಅಂದೇ. ನರ್ಸಿಂಗ್ ಹುಡುಗಿಯೊಬ್ಬಳು, “ಅವನು ನೋಡಿದ್ದನ್ನೇ ಬರೆದಿಟ್ಟಿದ್ದಾರಲ್ಲ, ನೋಡಿದ್ದೂ ಮುಖ್ಯ ಅಂತಲೇ ಇರಬೇಕು” ಎಂದಳು. ನಲವತ್ತು ವರ್ಷ ಪ್ರಸಂಗ ಕೇಳಿದ ನನಗೆ ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಜೈನ ಹುಡುಗಿಯೂ ನಮ್ಮ ನಡುವೆಯೇ ಕೂತು ಕೇಳುತ್ತಿದ್ದಳು. ಹಾಡಿನಲ್ಲಿ ಅವಳಿಗೆ ಗೊತ್ತಿರುವ ಸಾಲು ಬಂದಾಗ ದನಿಗೂಡಿಸಿದಳು. ಹಾಸ್ಟೆಲಿನಲ್ಲಿ ಗೆಳತಿ ಹಾಡುವುದನ್ನು ಕೇಳಿ ಕಲಿತದ್ದಂತೆ.

ಸಂಜೆ ಹೊರಡುವ ಮುನ್ನ ಮತ್ತೆ ಬಸ್ತಿಹಳ್ಳಿಗೆ ಬಂದು ಉಳಿದೆರಡು ಬಸದಿಗಳನ್ನೂ ನೋಡಿದೆವು. ನಡುವಿನ ಆದಿನಾಥ ಬಸದಿ ತೀರಾ ಚಿಕ್ಕದು. ಶಾಂತಿನಾಥ ಬಸದಿಯದು ಎರಡನೇ ವೀರಬಲ್ಲಾಳನ ಕಾಲ, ಹನ್ನೆರಡನೇ ಶತಮಾನದ ಕೊನೆ. ಮುಂದೆ ಎತ್ತರದ ಮಾನಸ್ತಂಭ. ಜೈನ ಬಸದಿಯ ಮುಂದೆ ಈ ಕಂಬ ನಿಲ್ಲಿಸುವುದು, ಒಳಗೆ ಹೋಗುವವನು ತನ್ನ ಅಹಂಕಾರವನ್ನು ಹೊರಗೇ ಬಿಟ್ಟುಹೋಗಲಿ ಎಂದು. ಹಾಗೆಂದು ವಿವರಿಸಿದವಳು ಮತ್ತೆ ಅವಳೇ. ಬೇಲೂರಿಗೆ ಹೋಗಲು ಸಮಯ ಉಳಿಯಲಿಲ್ಲ. ಯಾರಿಗೂ ಬೇಸರವಿದ್ದಂತೆ ಕಾಣಲಿಲ್ಲ.

ನಮ್ಮ ಸಭೆಗಳ ಹಿರಿಯರಿಗೆ, ಯುವಜನ ಸಂಘಗಳ ಮುಂದಾಳುಗಳಿಗೆ ನನ್ನದೊಂದು ಬಿನ್ನಹ. ಫೆಬ್ರವರಿಯ ಮೂರನೇ ಭಾನುವಾರವನ್ನು ಲೋಕದ ವಿದ್ಯಾರ್ಥಿಗಳಿಗಾಗಿ ಪ್ರಾರ್ಥಿಸುವ ದಿನವೆಂದು ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟ ನೂರಕ್ಕೂ ಹೆಚ್ಚು ವರ್ಷಗಳಿಂದ ಆಚರಿಸುತ್ತ ಬಂದಿದೆ. ಹಲವು ಚರ್ಚುಗಳಲ್ಲಿ ಅಂದು ಮಕ್ಕಳನ್ನು ಮುಂದೆ ನಿಲ್ಲಿಸಿ, ಒಂದು ಹಾಡು ಹಾಡಿಸಿ, ಕಾಣಿಕೆ ಎತ್ತಿ ಮುಗಿಸುತ್ತೇವೆ. ಮುಂದಿನ ಫೆಬ್ರವರಿಯಲ್ಲಿ ಆ ವಾರವೇ ಒಂದು ಟಿ.ಟಿ. ಮಾಡಿಕೊಂಡು ಅವರನ್ನು ಹೊರಡಿಸಿ, ಬೇರೆ ನಂಬಿಕೆಯ ಗೆಳೆಯರಿದ್ದರೆ ಅವರನ್ನೂ ಕರೆಯಿರಿ. ಹಾಸನದಿಂದ ಹಳೇಬೀಡಿಗೆ ಸುಮಾರು ಮೂವತ್ತು ಕಿಲೋಮೀಟರ್, ಬೇಲೂರಿನಿಂದ ಹದಿನಾರು. ಹೊಯ್ಸಳೇಶ್ವರನ ಗೇಟಿನಿಂದ ಬಸ್ತಿಹಳ್ಳಿಗೆ ನಡೆದೇ ಹೋಗಬಹುದು. ಭಾಷಣಕಾರರು ಬೇಕಿಲ್ಲ. ಬುತ್ತಿ ಕಟ್ಟಿಕೊಳ್ಳಿ, ಇಡೀ ದಿನ ಅಲ್ಲಿಗೇ ಇಟ್ಟುಕೊಳ್ಳಿ, ಮಕ್ಕಳು ಬಾಯಿಬಿಟ್ಟಾಗ ಕೇಳಿಸಿಕೊಳ್ಳಿ.